ಬೇನೆಯ ಬೇರು

ನನ್ನ ಸೋದರತ್ತೆ ಬದುಕಿರುವ ತನಕ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ ಮಾತೊಂದಿತ್ತು. “ನಮ್ಮ ತಮ್ಮನ ಮಗ ಭಾಳ ಓದ್ದೋನು ಕಣವ್ವ. ಡಾಕುಟ್ರು ವಾಸಿ ಮಾಡೋಕ್ ಮುಂಚೇನೇ ಇಂಗ್ಲೀಸಲ್ಲಿ ನನ್ನ ನೋವ ವಾಸಿ ಮಾಡ್ಬುಟ್ಟ.” ಕೇಳಿದವರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಆ ನಗೆಯ ಕೆಳಗೆ ನನಗೆ ಒಂದು ಮುಳ್ಳು ಆಡುತ್ತಿತ್ತು. ಆ ಮುಳ್ಳಿನ ಕಾರಣದಿಂದಲೇ ನಾನು ಮುಂದೆ ಎಷ್ಟೋ ವರ್ಷ ನಿಘಂಟುಗಳಲ್ಲಿ ನೋವಿನ ಮಾತುಗಳನ್ನು ಹುಡುಕುತ್ತ ಕುಳಿತೆ. ಅದರಲ್ಲಿ ಸಿಕ್ಕಿದ ಕೆಲವನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ನಡೆದದ್ದು ಇಷ್ಟು. 1972ರಲ್ಲಿ ನಾನು ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ. ಮಾಗಡಿಯ ಬಳಿಯ ನಮ್ಮ ಹಳ್ಳಿಯಿಂದ ಅತ್ತೆಯನ್ನು ಒಂದು ದೊಡ್ಡ ಆಸ್ಪತ್ರೆಗೆ ತೋರಿಸಲು ಕರೆತಂದರು. ಪರೀಕ್ಷಿಸಿದ ವೈದ್ಯರು ಹೊರನಾಡಿನವರು, ಕನ್ನಡ ಬಾರದು. ಇಂಗ್ಲಿಷ್ ಬಲ್ಲ ನಾನು ನಡುವೆ ದುಭಾಷಿಯಾಗಿ ನಿಂತೆ. ಎದೆಯಲ್ಲಿ ನೋವಿದೆಯೇ ಎಂದು ಅವರು ಕೇಳಿದರು. ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ. ಅತ್ತೆ ಹೇಳಿದರು: “ನೋವೇನಿಲ್ಲ ಕಣಪ್ಪ. ಕೆರೆ ಏರಿ ಹತ್ತುವಾಗ ಎದೆ ಹಿಂಡ್ದಂಗಾಯ್ತದೆ. ನಿಂತ್ಕಂಡ್ರೆ ಬುಟ್ಟೋಯ್ತದೆ.” ‘ಹಿಂಡು’ ಎಂಬುದಕ್ಕೆ ನನ್ನ ಬಳಿ ಇದ್ದ ಇಂಗ್ಲಿಷ್ ಮಾತು ಒದ್ದೆ ಬಟ್ಟೆಗೆ ಮಾತ್ರ ಹೊಂದುವಂಥದು; ಎದೆಗೆ ಅದನ್ನು ಹೇಳಿದರೆ ವೈದ್ಯರು ನಕ್ಕಾರೆಂಬ ಅಂಜಿಕೆ. ನೋವಿಲ್ಲವಂತೆ, ಆಯಾಸವಂತೆ ಎಂದು ಹೇಳಿ ಮುಗಿಸಿದೆ. ಅವರು ಅಜೀರ್ಣಕ್ಕೆ ಮಾತ್ರೆ ಬರೆದುಕೊಟ್ಟರು. ಮೂರು ವಾರ ಕಳೆಯುವುದರೊಳಗೆ ಅತ್ತೆ ಅದೇ ಕೆರೆಯ ಏರಿಯ ಮೇಲೆ ಬಿಂದಿಗೆ ಇಳಿಸಿ ಕುಳಿತವರು ಏಳಲಾಗಲಿಲ್ಲ.

ಆ ದಿನ ಮಾಗಡಿಯಲ್ಲಿ ಅವರನ್ನು ನೋಡಿದ ವೃದ್ಧ ವೈದ್ಯರು ನೋವಿನ ಮಾತನ್ನೇ ಎತ್ತಲಿಲ್ಲ. “ಏನಾಯ್ತದೆ, ತೋರ್ಸಮ್ಮ” ಎಂದರು. ಅತ್ತೆ ಮಾತಾಡದೆ ಮುಷ್ಟಿ ಬಿಗಿದು ಎದೆಯ ನಡುವೆ ಇಟ್ಟುಕೊಂಡರು. ಅಷ್ಟೇ ಸಾಕಾಯಿತು. ಅತ್ತೆ ಉಳಿದರು, ಇನ್ನೂ ಆರು ವರ್ಷ ಬದುಕಿದರು. ಆದರೆ ಮತ್ತೆ ಬಿಂದಿಗೆ ಎತ್ತಲಿಲ್ಲ.

ಕಾಲೇಜಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಇಂಗ್ಲಿಷಿನಲ್ಲಿ ನೋವಿಗೆ ಇರುವ ಮಾತುಗಳನ್ನು ದೊಡ್ಡ ನಿಘಂಟಿನಲ್ಲಿ ತೆರೆದು ನೋಡಿದ್ದು. ಮೊದಲಕ್ಷರದಲ್ಲೇ ಸಿಕ್ಕಿದ್ದು ‘ಏಕ್’. ತಲೆಗೆ, ಹಲ್ಲಿಗೆ, ಕಿವಿಗೆ, ಹೊಟ್ಟೆಗೆ, ಬೆನ್ನಿಗೆ ಅಂಟಿಕೊಂಡು ದಿನಬಳಕೆಯಲ್ಲಿ ಓಡಾಡುವ ಮಾತು. ಇದಕ್ಕಿಂತ ಸರಳವಾದದ್ದು ಯಾವುದಿದ್ದೀತು ಎಂದುಕೊಂಡೆ. ಅದರ ಚರಿತ್ರೆಯನ್ನು ಓದಿದಾಗ ಅಲ್ಲಿಯೂ ಒಬ್ಬ ಓದಿದವನು ನಡುವೆ ಬಂದು ಎಡವಟ್ಟು ಮಾಡಿದ್ದು ಕಾಣಿಸಿತು.

ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಮಾತುಗಳು. ನೋಯುವುದು ಎಂಬ ಕ್ರಿಯಾಪದ ‘ಏಕ್’. ನೋವು ಎಂಬ ನಾಮಪದ ‘ಏಚ್’. ‘ಸ್ಪೀಕ್’ ಎಂಬುದರ ಜೊತೆಗೆ ‘ಸ್ಪೀಚ್’ ಇದೆಯಲ್ಲ, ‘ಬೇಕ್’ ಎಂಬುದರ ಜೊತೆಗೆ ‘ಬ್ಯಾಚ್’ ಇದೆಯಲ್ಲ, ಅದೇ ಜಾಡಿನ ಜೋಡಿ. ಬರಹದಲ್ಲಿಯೂ ಬೇರೆ ಬೇರೆ, ಉಚ್ಚಾರದಲ್ಲಿಯೂ ಬೇರೆ ಬೇರೆ. ಕಾಲ ಕಳೆದಂತೆ ಜನರ ಬಾಯಲ್ಲಿ ಎರಡೂ ಬೆರೆಯತೊಡಗಿದ್ದವು. 1755ರಲ್ಲಿ ಸ್ಯಾಮ್ಯುಅಲ್ ಜಾನ್ಸನ್ನನ ಪ್ರಸಿದ್ಧ ನಿಘಂಟು ಹೊರಬಂತು. ಆ ಮಹಾಶಯನಿಗೆ ಗ್ರೀಕ್ ಭಾಷೆಯಲ್ಲಿ ದುಃಖವೆಂಬ ಅರ್ಥದ ‘ಆಖೋಸ್’ ಎಂಬ ಪದ ಗೊತ್ತಿತ್ತು. ಏಕ್ ಅದರಿಂದಲೇ ಹುಟ್ಟಿರಬೇಕೆಂದು ಆತ ಬಗೆದ. ಗ್ರೀಕ್ ಮೂಲಕ್ಕೆ ಒಪ್ಪುವ ಕಾಗುಣಿತವೇ ವ್ಯಾಕರಣಶುದ್ಧವೆಂದು ತೀರ್ಪು ಕೊಟ್ಟ. ಆ ತೀರ್ಪು ತಪ್ಪು. ಏಕ್ ಅಚ್ಚ ಜರ್ಮ್ಯಾನಿಕ್ ಮನೆತನದ ಹೆಣ್ಣು. ಗ್ರೀಕಿನ ಆಖೋಸಿಗೂ ಅದಕ್ಕೂ ನಂಟಿಲ್ಲ. ಆದರೂ ತಪ್ಪು ಹೇಳಿದವನು ದೊಡ್ಡವನಾದ್ದರಿಂದ ತಪ್ಪೇ ನಿಂತಿತು. ಇಂದು ಇಂಗ್ಲಿಷರು ನಾಮಪದದ ಕಾಗುಣಿತವನ್ನು ಬರೆದು ಕ್ರಿಯಾಪದದ ಉಚ್ಚಾರವನ್ನು ಓದುತ್ತಾರೆ. ನಮ್ಮ ಮಕ್ಕಳು ಇಂಗ್ಲಿಷ್ ಕಾಗುಣಿತಕ್ಕೆ ಹೆದರಿ ಅಳುವುದರಲ್ಲಿ ಇಂಥ ಪಂಡಿತರ ಪಾಲೂ ಇದೆ.

ಇದರಿಂದಾದ ತಮಾಷೆಯೊಂದುಂಟು. ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದಲ್ಲಿ ಈ ಪದದ ಬಹುವಚನ ಬರುವ ಕಡೆ, ಛಂದಸ್ಸು ಸರಿಹೋಗಬೇಕಾದರೆ ಅದನ್ನು ‘ಏಚಿಸ್’ ಎಂದು ಎರಡು ಉಚ್ಚಾರಾಂಶಗಳಾಗಿ ಬಿಡಿಸಿ ನುಡಿಯಬೇಕು. 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಹೆಸರಾಂತ ನಟ ಜಾನ್ ಫಿಲಿಪ್ ಕೆಂಬಲ್ ರಂಗದ ಮೇಲೆ ಹಾಗೆಯೇ ನುಡಿದ. ಷೇಕ್ಸ್‌ಪಿಯರನ ಕಾಲಕ್ಕೆ ಅದೇ ಸರಿ. ಆದರೆ ಸಭಿಕರು ಗೇಲಿ ಮಾಡಿ ನಕ್ಕರು, ಪತ್ರಿಕೆಗಳು ಕಾಡಿದವು. ಸರಿಯಾಗಿ ನುಡಿದವನು ನಗೆಪಾಟಲಾದ. ತಪ್ಪಾಗಿ ಬರೆಸಿದವನು ಪ್ರಮಾಣವಾದ.

ಜಾನ್ಸನ್ನನನ್ನು ಇಷ್ಟು ಸುಲಭವಾಗಿ ಹೀಗಳೆಯುವ ಹಕ್ಕು ನನಗಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅದೇ ವಯಸ್ಸಿನಲ್ಲಿ ನಾನೂ ಒಂದು ಸಂಶೋಧನೆ ಮಾಡಿದ್ದೆ. ಇಂಗ್ಲಿಷಿನಲ್ಲಿ ಮನಸ್ಸಿಗೆ ಕಿರಿಕಿರಿ ಮಾಡು ಎಂಬರ್ಥದ ‘ಅನ್ನಾಯ್’ ಎಂಬ ಪದವಿದೆ. ಹಿಂದೆ ಅದಕ್ಕೆ ‘ನಾಯ್’ ಎಂಬ ಮೊಟಕು ರೂಪವೂ ಇತ್ತು. ನಮ್ಮ ‘ನೋಯ್’ ಧಾತುವೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದೆಯೆಂದು ಸ್ನೇಹಿತರ ಮುಂದೆ ಸಾಧಿಸಿದೆ. ಯಾರೂ ಎದುರಾಡಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನೋಡಿದರೆ ಆ ಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ‘ದ್ವೇಷದಲ್ಲಿ’ ಎಂಬರ್ಥದ ಎರಡು ಪದಗಳು ಕೂಡಿಕೊಂಡು ಆದದ್ದು. ದನಿ ಹೋಲಿದ ಮಾತ್ರಕ್ಕೆ ನಂಟು ಕಟ್ಟುವ ಈ ಚಪಲ ನಮ್ಮಲ್ಲಿ ಕಡಿಮೆಯಿಲ್ಲ. ಚನ್ನಪಟ್ಟಣದ ಶಾಲೆಯಲ್ಲಿ ನಾನು ಓದುತ್ತಿದ್ದಾಗ ಪಕ್ಕದ ರಾಮನಗರವನ್ನು ಹಳಬರು ಇನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಒಂದು ಕಾಲಕ್ಕೆ ಅಲ್ಲಿ ಪೇಟೆ ಮುಚ್ಚಿಹೋಗಿದ್ದರಿಂದ ಆ ಹೆಸರು ಬಂತೆಂದು ನನ್ನ ಸಹಪಾಠಿಯೊಬ್ಬ ಅರ್ಥ ಹೇಳುತ್ತಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್ ಎಂಬಾತನ ಹೆಸರು ಅದು. ಪೇಟೆಯ ಹೆಸರು ಬದಲಾಯಿತು; ಆದರೆ ಭೂವಿಜ್ಞಾನಿಗಳು ಆ ಸೀಮೆಯ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲುಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.

ಇರಲಿ, ನಮ್ಮ ಮಾತಿಗೆ ಬರೋಣ. ‘ನೋವು’ ಎಂಬುದು ಅಚ್ಚ ದ್ರಾವಿಡ ಪದ. ಬರೋ ಮತ್ತು ಎಮಿನೋ ಎಂಬಿಬ್ಬರು ವಿದ್ವಾಂಸರು 1961ರಲ್ಲಿ ಮೊದಲು ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಜ್ಞಾತಿಪದಕೋಶವನ್ನು ತೆರೆದರೆ ಈ ಪದದ ಒಡಹುಟ್ಟಿದವರೆಲ್ಲ ಒಂದೇ ಕಡೆ ಸಿಗುತ್ತಾರೆ. ತಮಿಳಿನಲ್ಲಿ ‘ನೋಯ್’ ಎಂದರೆ ರೋಗ, ಮಲಯಾಳದಲ್ಲಿ ‘ನೋವು’ ನಮ್ಮಂತೆಯೇ ನೋವು, ತೆಲುಗಿನಲ್ಲಿ ‘ನೊಪ್ಪಿ’. ಕನ್ನಡದಲ್ಲಿ ಇದು ಮೈಗೂ ಮನಸ್ಸಿಗೂ ಭೇದವೆಣಿಸದೆ ದುಡಿಯುವ ಮಾತು: ಕಾಲು ನೋಯುತ್ತದೆ, ಮಾತಿನಿಂದ ಮನಸ್ಸು ನೋಯುತ್ತದೆ, ‘ನೊಂದವರು’ ಎಂದಾಗ ಯಾವ ಅವಯವವನ್ನೂ ಹೆಸರಿಸಬೇಕಾಗಿಲ್ಲ. ವ್ರತವೆಂಬ ಅರ್ಥದ ‘ನೋಂಪಿ’ ಎಂಬ ಹಳಗನ್ನಡ ಪದವೂ ಇದರ ಸೋದರಿಯೇ ಎಂದು ಕೇಳಲು ಆಸೆಯಾಗುತ್ತದೆ. ಅದರ ತಮಿಳು ರೂಪಕ್ಕೆ ತಾಳಿಕೊಳ್ಳು, ಸಹಿಸು ಎಂಬ ಅರ್ಥವುಂಟು. ಆದರೆ ಕೋಶಕಾರರು ಅದನ್ನು ಬೇರೆಯೇ ಮನೆಯಲ್ಲಿ ಇರಿಸಿದ್ದಾರೆ. ಒಮ್ಮೆ ಕೈ ಸುಟ್ಟುಕೊಂಡ ನಾನು ಬಾಗಿಲು ತಟ್ಟದೆ ಹಿಂದಿರುಗುತ್ತೇನೆ.

‘ಬೇನೆ’ಯ ಕಥೆ ಬೇರೆ. ನಮ್ಮ ಹಳ್ಳಿಗಳ ಬಾಯಲ್ಲಿ ಅದು ‘ಬ್ಯಾನೆ’. ಇಷ್ಟು ಒರಟಾಗಿ ಕೇಳುವ ಮಾತು ಸಂಸ್ಕೃತದ ‘ವೇದನಾ’ ಎಂಬುದರ ಮಗಳೆಂದು ಹೇಳಿದರೆ ಮೊದಲು ಯಾರೂ ನಂಬುವುದಿಲ್ಲ. ಪ್ರಾಕೃತದಲ್ಲಿ ನಡುವಿನ ದಕಾರ ಕರಗಿ ‘ವೇಅಣಾ’ ಆಯಿತು. ಕನ್ನಡಕ್ಕೆ ಬರುವಾಗ ಮೊದಲ ವಕಾರ ಬಕಾರವಾಯಿತು. ವನ ಬನವಾದಂತೆ, ವೀಥಿ ಬೀದಿಯಾದಂತೆ, ವಿಧಿ ಬಿದಿಯಾದಂತೆ. ಇಲ್ಲಿ ದನಿಯ ಹೋಲಿಕೆಯಿಲ್ಲ, ನಿಯಮವಿದೆ. ಜಾನ್ಸನ್ನನ ಊಹೆಗೂ ಇದಕ್ಕೂ ಇರುವ ಅಂತರ ಇದೇ. ವೇದನೆಯ ಧಾತು ‘ವಿದ್’, ಅರಿ ಎಂದು ಅದರ ಅರ್ಥ. ವೇದ, ವಿದ್ಯೆ, ವೇದನೆ ಮೂರೂ ಒಂದೇ ತಾಯಿಯ ಮಕ್ಕಳು. ಬೌದ್ಧಗ್ರಂಥಗಳಲ್ಲಿ ವೇದನೆಯೆಂದರೆ ಬರಿಯ ನೋವಲ್ಲ, ಅರಿವಿಗೆ ತಾಕಿದ ಯಾವುದೇ ಅನುಭವ. ಸುಖದ ವೇದನೆಯೂ ಉಂಟು, ಸುಖವೂ ಅಲ್ಲದ ದುಃಖವೂ ಅಲ್ಲದ ವೇದನೆಯೂ ಉಂಟು. ಜನರ ಬಾಯಲ್ಲಿ ಸುಖದ ಪಾಲು ಉದುರಿಹೋಗಿ ನೋವಿನ ಪಾಲು ಮಾತ್ರ ಉಳಿಯಿತು. ‘ಅನುಭವಿಸು’ ಎಂಬ ಪದಕ್ಕೂ ನಾವು ಹೀಗೆಯೇ ಮಾಡಿದ್ದೇವಲ್ಲ! “ಅನುಭವಿಸಲಿ ಬಿಡು” ಎಂದು ಯಾರಾದರೂ ಹೇಳಿದರೆ ಅದು ಹಬ್ಬದೂಟದ ಮಾತಲ್ಲವೆಂದು ಮಗುವಿಗೂ ಗೊತ್ತು.

ನಮ್ಮ ಸೀಮೆಯಲ್ಲಿ “ಬ್ಯಾನೆ ಬಂತು” ಎಂದರೆ ಸಾಕು, ಸೂಲಗಿತ್ತಿಗೆ ಹೇಳಿಕಳಿಸುತ್ತಿದ್ದರು; ಯಾವ ಬೇನೆ ಎಂದು ಯಾರೂ ಕೇಳುತ್ತಿರಲಿಲ್ಲ. ಮೈಲಿಬೇನೆ ಎಂಬ ಇನ್ನೊಂದು ಮಾತಿತ್ತು. ಸಿಡುಬನ್ನು ಹಾಗೆ ಕರೆಯುತ್ತಿದ್ದರು. ಆ ರೋಗ 1970ರ ದಶಕದಲ್ಲಿ ದೇಶದಿಂದ ತೊಲಗಿತು, ಅದರ ಹಿಂದೆಯೇ ಮಾತೂ ಹೊರಟುಹೋಯಿತು. ಹೀಗೆ ಪದವೊಂದು ಸತ್ತದ್ದಕ್ಕೆ ಸಂತೋಷಪಡುವ ಸಂದರ್ಭ ಭಾಷಾಪ್ರೇಮಿಗೆ ಅಪರೂಪ.

ಇಂಗ್ಲಿಷಿನ ‘ಪೇಯ್ನ್’ ಹುಟ್ಟಿದ್ದು ನ್ಯಾಯಾಲಯದಲ್ಲಿ. ಗ್ರೀಕರಲ್ಲಿ ಕೊಲೆ ಮಾಡಿದವನು ಸತ್ತವನ ಕಡೆಯವರಿಗೆ ತೆರಬೇಕಾದ ದಂಡಕ್ಕೆ ಇದ್ದ ಹೆಸರು ‘ಪೊಯ್ನೆ’. ಅದು ಲ್ಯಾಟಿನ್ನಿನಲ್ಲಿ ‘ಪೊಯ್ನಾ’ ಆಗಿ ಶಿಕ್ಷೆಯೆಂಬ ಅರ್ಥ ತಳೆಯಿತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಶಿಕ್ಷೆಯಿಂದ ಆಗುವ ಸಂಕಟ, ಬರಬರುತ್ತ ಯಾವುದೇ ಸಂಕಟ ಎಂದಾಯಿತು. ‘ಪನಿಶ್’, ‘ಪೆನಾಲ್ಟಿ’ ಇವೆಲ್ಲ ಅದರ ಬಳಗ. 1860ರಲ್ಲಿ ಬಂದು, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಗೆ ಎಡೆಬಿಟ್ಟುಕೊಟ್ಟ ಇಂಡಿಯನ್ ಪೀನಲ್ ಕೋಡಿನ ನಡುವಣ ಪದವೂ ಇದೇ. ಒಂದು ಭಾಷೆ ನೋವನ್ನು ದಂಡವೆಂದು ಕರೆಯಿತು, ಇನ್ನೊಂದು ಅರಿವೆಂದು ಕರೆಯಿತು. ಇದರಿಂದ ಎರಡು ನಾಡುಗಳ ಮನೋಧರ್ಮವನ್ನೇ ಅಳೆದುಬಿಡಬಹುದೆಂದು ಕೆಲವರು ಹುರುಪುಗೊಳ್ಳುತ್ತಾರೆ. ನನಗೆ ಆ ಧೈರ್ಯವಿಲ್ಲ. ಹಲ್ಲು ನೋಯುವ ಇಂಗ್ಲಿಷನು ತಾನು ಯಾರನ್ನು ಕೊಂದೆನೆಂದು ಯೋಚಿಸುವುದಿಲ್ಲ. ಬೇನೆ ತಿನ್ನುವ ನಮ್ಮ ಹೆಣ್ಣುಮಗಳು ಜ್ಞಾನಪ್ರಾಪ್ತಿಯಾಯಿತೆಂದು ಹಿಗ್ಗುವುದೂ ಇಲ್ಲ.

‘ಬೇನೆ ತಿನ್ನು’ ಎಂದೆ. ಈ ‘ತಿನ್ನು’ ಎಂಬುದರ ಬೆಲೆ ನನಗೆ ತಿಳಿದದ್ದು ಕನಕಪುರದಲ್ಲಿ. ಓದು ಮುಗಿಸಿ ಅಲ್ಲಿ ನಾನು ಇಂಗ್ಲಿಷ್ ಅಧ್ಯಾಪಕನಾಗಿದ್ದೆ. ಹುಡುಗರ ರಜಾಚೀಟಿಗಳಲ್ಲಿ ನೂರಕ್ಕೆ ತೊಂಬತ್ತು “ಮೈ ಲೆಗ್ ಈಸ್ ಪೇಯ್ನಿಂಗ್” ಎಂದು ಶುರುವಾಗುತ್ತಿದ್ದವು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಇಂಗ್ಲಿಷಿನಲ್ಲಿ ನೋವು ‘ಇರಬೇಕು’, ಅದನ್ನು ‘ಹೊಂದಿರಬೇಕು’ ಎಂದು ತಿದ್ದುತ್ತಿದ್ದೆ. ಕಾಲಿಗೆ ‘ಲೆಗ್ಗೇಕ್’ ಎಂದು ಬರೆದವನೂ ಇದ್ದ. ತಲೆಗೂ ಹಲ್ಲಿಗೂ ಇರುವ ಹಕ್ಕು ಕಾಲಿಗೇಕಿಲ್ಲ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಆಮೇಲೆ ನಿಘಂಟಿನಲ್ಲಿ ನೋಡಿದರೆ ‘ಕೈ ನೋಯುತ್ತದೆ’ ಎಂಬಂಥ ಪ್ರಯೋಗಕ್ಕೆ ಇಂಗ್ಲಿಷಿನಲ್ಲಿಯೂ ಎಡೆಯಿದೆ. ಕೆಂಪು ಶಾಯಿ ಎಷ್ಟು ವ್ಯರ್ಥವಾಯಿತೋ! ಆ ಹುಡುಗರು ಮಾಡುತ್ತಿದ್ದದ್ದು ಇಷ್ಟೇ: ಕನ್ನಡದಲ್ಲಿ ನೋವು ಯಾರ ಸ್ವತ್ತೂ ಅಲ್ಲ. ಅದು ನನ‘ಗೆ’ ಆಗುತ್ತದೆ, ಮಳೆ ಬಂದ ಹಾಗೆ ಬರುತ್ತದೆ, ಬಿಟ್ಟುಹೋಗುತ್ತದೆ. ಇಲ್ಲವೇ ಅದನ್ನು ಉಣ್ಣುತ್ತೇವೆ, ತಿನ್ನುತ್ತೇವೆ. ಏಟು ತಿನ್ನುತ್ತೇವೆ, ಬೇನೆ ತಿನ್ನುತ್ತೇವೆ, ನೋವುಂಡವರು ಎನ್ನುತ್ತೇವೆ.

ನೋವು, ಬೇನೆ ಇವೆರಡೂ ತಲೆಬರಹಗಳು ಮಾತ್ರ. ಅವುಗಳ ಕೆಳಗೆ ಇರುವ ಸಂಪತ್ತು ನಿಘಂಟಿನಲ್ಲಿ ಚದುರಿಹೋಗಿದೆ, ಜನರ ಬಾಯಲ್ಲಿ ಒಟ್ಟಾಗಿದೆ. ಚನ್ನಪಟ್ಟಣದಲ್ಲಿ ನಾವಿದ್ದ ಬೀದಿಯಲ್ಲಿ ಬೊಂಬೆ ಮಾಡುವವರ ಮನೆಗಳಿದ್ದವು. ದಿನವಿಡೀ ಉಳಿ ಹಿಡಿದು ಅರಗು ಕೊಡುವವರ ಮುಂಗೈ ಸಂಜೆಗೆ ‘ಸೇದುತ್ತಿತ್ತು’; ಬಾವಿಯಿಂದ ನೀರು ಸೇದುವ ಅದೇ ಸೇದು, ಒಳಗಿನಿಂದ ಯಾರೋ ಹಗ್ಗ ಎಳೆದ ಹಾಗೆ. ರಾಮನಗರದಲ್ಲಿ ರೇಷ್ಮೆನೂಲು ಬಿಚ್ಚುವವರು ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿ ಸವೆದಾಗ ‘ಚುರುಚುರು’ ಎನ್ನುತ್ತದೆ. ಅದು ಉರಿಯಲ್ಲ, ಉರಿಗಿಂತ ಸಣ್ಣದು. ರಾಗಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತವರ ಸೊಂಟ ‘ಹಿಡಿದುಕೊಳ್ಳುತ್ತದೆ’. ಕುರು ಹಣ್ಣಾಗುವ ಮುಂಚೆ ‘ಸಿಡಿಯುತ್ತದೆ’. ಕಾಲು ಮಡಿಸಿ ಕೂತರೆ ‘ಜೋಮು’, ಪಕ್ಕೆಯಲ್ಲಿ ಮಿಂಚಿ ಮಾಯವಾದರೆ ‘ಚಳುಕು’, ಹೆಜ್ಜೆ ತಪ್ಪಿದರೆ ‘ಉಳುಕು’. ಹೊಟ್ಟೆಯಲ್ಲಿ ಈಟಿಯಾಡಿದಂತಾದರೆ ‘ಶೂಲೆ’. ಶಿವನ ಕೈಯ ಆಯುಧವೇ ಇಲ್ಲಿ ರೋಗಿಯ ಹೊಟ್ಟೆಗೆ ಬಂದಿದೆ. ಇವುಗಳಲ್ಲಿ ಯಾವುದನ್ನೂ ‘ನೋವು’ ಎಂದು ಕರೆಯಲು ನಮ್ಮ ಹಳ್ಳಿಯ ಹಿರಿಯರು ಒಪ್ಪುತ್ತಿರಲಿಲ್ಲ. “ನೋವಲ್ಲ, ಚಳುಕು” ಎಂದು ತಿದ್ದುತ್ತಿದ್ದರು.

ಇದು ಹಳ್ಳಿಯವರ ಹಟವಲ್ಲ, ವೈದ್ಯಕ್ಕೆ ಬೇಕಾದ ಮಾಹಿತಿ ಎಂದು ವಿಜ್ಞಾನ ಒಪ್ಪಲು 1970ರ ದಶಕದವರೆಗೆ ಕಾಯಬೇಕಾಯಿತು. ಕೆನಡಾದ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ನೋವಿನಲ್ಲಿ ನರಳುವವರು ಆಡುವ ಮಾತುಗಳನ್ನೇ ಕೂಡಿಹಾಕಿದ. ಮಿಡಿಯುವುದು, ಇರಿಯುವುದು, ಕಚ್ಚುವುದು, ಸುಡುವುದು, ಹಿಂಡುವುದು, ಹೀಗೆ. 1975ರಲ್ಲಿ ಅವನು ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 78 ಪದಗಳು, 20 ಗುಂಪುಗಳು. ರೋಗಿ ತನ್ನ ಮಾತನ್ನು ಆರಿಸಿಕೊಂಡರೆ ವೈದ್ಯನಿಗೆ ಅದು ಯಾವ ಬಗೆಯ ನೋವಿರಬಹುದೆಂಬ ಸುಳಿವು ಸಿಗುತ್ತದೆ. ಅದು ಲೋಕದ ಅನೇಕ ಭಾಷೆಗಳಿಗೆ ಹೋಗಿದೆ. ಹಾಗೆ ಒಯ್ಯುವವರು ಪದಕ್ಕೆ ಪದವಿಟ್ಟು ಅನುವಾದ ಮಾಡಿದರೆ ಕೆಡುತ್ತದೆ. ಆಯಾ ಭಾಷೆಯ ರೋಗಿಗಳ ಬಾಯಿಂದಲೇ ಮತ್ತೆ ಆಯಬೇಕಾಗುತ್ತದೆ.

ಆ ಪಟ್ಟಿಯಲ್ಲಿ ‘ಹಿಂಡುವುದು’ ಎಂಬುದನ್ನು ಕಂಡ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಮೇಲೆ ಹೃದ್ರೋಗದ ಇತಿಹಾಸವನ್ನು ತಿರುವಿ ನೋಡಿದೆ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ತನ್ನ ಸಹೋದ್ಯೋಗಿಗಳ ಮುಂದೆ ಓದಿ 1772ರಲ್ಲಿ ಅಚ್ಚು ಹಾಕಿಸಿದ ಲೇಖನವೊಂದರಲ್ಲಿ ಎದೆಯ ಒಂದು ಕಾಯಿಲೆಯನ್ನು ವರ್ಣಿಸಿದ್ದಾನೆ: ನಡೆಯುವಾಗ ಬರುತ್ತದೆ, ಏರು ಹತ್ತುವಾಗ ಹೆಚ್ಚು ಬರುತ್ತದೆ, ನಿಂತರೆ ಬಿಟ್ಟುಹೋಗುತ್ತದೆ. ಅದಕ್ಕೆ ಅವನಿಟ್ಟ ಹೆಸರು ‘ಆಂಜೈನ’. ಕತ್ತು ಹಿಸುಕು, ಬಿಗಿ, ಅದುಮು ಎಂಬರ್ಥದ ಲ್ಯಾಟಿನ್ ಮೂಲದ ಪದ. ಇಂಗ್ಲಿಷಿನ ‘ಆಂಗ್ವಿಶ್’, ‘ಆಂಗ್ಸೈಟಿ’ ಇವುಗಳೂ ಅದರ ಬಂಧುಗಳೇ. ಮಾಗಡಿಯ ನನ್ನ ಅತ್ತೆ ಹೇಳಿದ್ದಕ್ಕೂ ಹೆಬರ್ಡನ್ ಬರೆದದ್ದಕ್ಕೂ ಕೆರೆಯ ಏರಿಯೊಂದನ್ನು ಬಿಟ್ಟರೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಎದೆಯ ಮೇಲೆ ಮುಷ್ಟಿ ಬಿಗಿಯುವುದನ್ನೂ ವೈದ್ಯರು ಈ ರೋಗದ ಒಂದು ಗುರುತೆಂದು ಎಣಿಸುತ್ತಾರೆ. ಆ ದೊಡ್ಡ ಆಸ್ಪತ್ರೆಯ ವೈದ್ಯರು ಆಂಜೈನ ಎಂಬ ಪದವನ್ನು ಸಾವಿರ ಸಲ ಬರೆದಿದ್ದಾರು. ‘ಹಿಂಡಿದಂಗೆ’ ಎಂಬ ಒಂದೇ ಮಾತನ್ನು ನಾನು ನಾಚಿಕೆ ಬಿಟ್ಟು, ಒದ್ದೆ ಬಟ್ಟೆಯ ಇಂಗ್ಲಿಷಿನಲ್ಲಿಯೇ ಹೇಳಿದ್ದರೆ ಸಾಕಿತ್ತು.

ಈಚೆಗೆ ರಾಮನಗರದಲ್ಲಿ ನನ್ನ ಮಂಡಿಯನ್ನು ತೋರಿಸಲು ಹೋಗಿದ್ದೆ. ನನಗಿಂತ ಮುಂಚೆ ಇದ್ದವರು ನೂಲು ಬಿಚ್ಚುವ ಕೆಲಸದಲ್ಲಿ ಮುಪ್ಪಾದ ಒಬ್ಬ ಹೆಂಗಸು. ವೈದ್ಯೆ ಎಳೆಯ ವಯಸ್ಸಿನ ಹುಡುಗಿ, ಈ ಕಡೆಯವಳೇ. “ಹತ್ತರಲ್ಲಿ ಎಷ್ಟು ನೋವಿದೆ ಅಜ್ಜಿ?” ಎಂದು ಕೇಳಿದಳು, ಈಗ ಎಲ್ಲೆಡೆಯೂ ಹಾಗೆ ಅಂಕ ಕೇಳುವ ರೂಢಿ. ಅಜ್ಜಿ ಕೈ ಆಡಿಸಿ, “ನೋವಲ್ಲ ತಾಯಿ, ಚಳುಕು. ಎಣಿಸಾಕೆ ನಿಲ್ತದಾ ಅದು?” ಎಂದರು. ಹುಡುಗಿ ಪೆನ್ನು ಕೆಳಗಿಟ್ಟಳು. “ಸೂಜಿ ಚುಚ್ಚಿದಂಗಾ, ಇಲ್ಲ ದಾರ ಎಳ್ದಂಗಾ?” ಅಜ್ಜಿ ಸ್ವಲ್ಪ ಯೋಚಿಸಿ, ಎರಡೂ ಅಲ್ಲವೆಂದು ತಲೆಯಾಡಿಸಿ, ಗೂಡಿನಿಂದ ಎಳೆ ಕಿತ್ತುಕೊಳ್ಳುವಾಗ ಬೆರಳಿಗೆ ಹೇಗಾಗುತ್ತದೆ ಎಂಬಲ್ಲಿಂದ ಹೇಳಲು ಶುರುಮಾಡಿದರು. ಹೊರಗೆ ಸಾಲು ಬೆಳೆಯುತ್ತಿತ್ತು. ನಾನು ಬೆಂಚಿನ ಮೇಲೆ ಇನ್ನಷ್ಟು ಸರಿದು ಕುಳಿತೆ.